ಚಕ್ರವರ್ತಿಗಳ ಚಿತ್ರಸುರುಳಿ

ಚೀನಾದ ಒಂಬತ್ತು ಚಕ್ರವರ್ತಿಗಳು ನೆಮ್ಮದಿಯಿಂದ ಕಣ್ಣು ಮುಚ್ಚಿದ್ದೇ, ತಮ್ಮ ಚಿತ್ರಸುರುಳಿಗಳು ಮುಂದೊಂದು ದಿನ ನೈರೋಬಿಯ ಸೂರ್ಯನಾರಾಯಣರ ಕೈ ಸೇರುತ್ತವೆ ಎಂಬ ಭರವಸೆಯಲ್ಲಿ. ಹೀಗೆಂದು ಸ್ವತಃ ಸೂರ್ಯನಾರಾಯಣರೇ ಪಾರ್ಕ್‌ಲ್ಯಾಂಡ್ಸಿನ ದೇವಸ್ಥಾನದಲ್ಲಿ, ಪ್ರಸಾದದ ಸಾಲಿನಲ್ಲಿ ನಿಂತು ಸಾರಿದ್ದರು. ಕೇಳಿದವರು ನಕ್ಕರೆ ಚಕ್ರವರ್ತಿಗಳು ಹನ್ನೊಂದಾಗುತ್ತಿದ್ದರು.

ನೈರೋಬಿಯಲ್ಲೇ ಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರಿಗೆ ಉಳಿದಿದ್ದದ್ದು ಇದೊಂದೇ ಹುಚ್ಚು. ರಸ್ತೆ ಕಟ್ಟಲು ಬಂದ ಚೀನೀಯರು ಊರಿಗೆ ಮರಳುವಾಗ ಬಿಟ್ಟುಹೋದ ಸುರುಳಿಗಳು ಪಂಗಾನಿಯ ಹಳೇ ಸಾಮಾನಿನ ಸಂತೆಗೆ ಬೀಳುತ್ತಿದ್ದವು. ಭಾನುವಾರ ಬಂತೆಂದರೆ ಮೇಷ್ಟ್ರು ಮಟಾಟು ವ್ಯಾನು ಹತ್ತಿ ಅಲ್ಲಿಗೆ ಹೊರಡುತ್ತಿದ್ದರು.

ಈಚೆಗೆ ಅವರ ನೋಟದ ನಟ್ಟನಡುವೆ ಒಂದು ಬೂದು ಮಚ್ಚೆ ಬಂದು ಕೂತಿತ್ತು. ಅಂಚಿನಲ್ಲಿ ಬಾಗಿಲು, ಮೆಟ್ಟಿಲು ಕಾಣುತ್ತಿದ್ದವು. ನೇರ ನೋಡಿದ್ದು ಮಾತ್ರ ಮಾಯ. ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದೂ ಹೋಗಬಹುದು ಎಂದಿದ್ದರು ಡಾಕ್ಟರು. ಹೆಂಡತಿ ಮೈಥಿಲಿಗೆ ಗೊತ್ತಾದರೆ ಸಂತೆ ಅಂದಿಗೇ ಮುಗಿಯಿತು. ಅದಕ್ಕೇ ಬಾಯಿ ಬಿಟ್ಟಿರಲಿಲ್ಲ. ಚಿತ್ರದಲ್ಲಿ ಏನಿದೆಯೆಂದು ಸಂತೆಯಲ್ಲಿ ಸುರುಳಿ ಮಾರುವವಳನ್ನೇ ಕೇಳಿಕೊಂಡು ಬಂದು, ಮನೆಯಲ್ಲಿ ತೂಗುಹಾಕಿ, ಬಾಯ್ತುಂಬ ಬಣ್ಣಿಸಿ, "ಬೆಳಕು ಬಿದ್ರೆ ಬಣ್ಣ ಸಾಯುತ್ತೆ, ಚೀನಾದಲ್ಲಿ ಹೀಗೇ" ಎನ್ನುತ್ತ, ಮೈಥಿಲಿ ಅಡುಗೆಮನೆಯಿಂದ ಬರುವ ಮೊದಲೇ ಸುತ್ತಿಟ್ಟುಬಿಡುತ್ತಿದ್ದರು.

ಆ ಭಾನುವಾರ ಮಾರುವವಳು, ಗಿರಾಕಿಗಳ ಕಣ್ಣಿಗೆ ಬೀಳಲಿ ಎಂದು, ಚಿತ್ರ ಹೊರಮೈಗೆ ಬರುವಂತೆ ಸುತ್ತಿದ್ದಳು. ಮೇಷ್ಟ್ರು ಎಂದಿನಂತೆ ಒಳಮೈಯನ್ನು ಮುಂದೆ ಮಾಡಿ ಮೊಳೆಗೆ ಸಿಕ್ಕಿಸಿದರು.

"ನೋಡು ಮೈಥಿಲಿ! ಈ ಬೆಟ್ಟದ ಮುಂದೆ ಮೌಂಟ್ ಕೀನ್ಯಾ ಮೊಮ್ಮಗ! ಜಲಪಾತದ ಸದ್ದಿಗೆ ಪಕ್ಕದ ಫ್ಲ್ಯಾಟ್‌ನೋರು ಕಂಪ್ಲೇಂಟ್ ಕೊಡ್ತಾರೆ. ದೋಣೀಲಿ ಒಬ್ಬ ಮುದುಕ, ಅಕ್ಕಿಕಾಳಷ್ಟಿದಾನೆ, ಆದ್ರೂ ಮೀಸೆಯ ಕೂದಲು ಎಣಿಸಬಹುದು!"

ಮೈಥಿಲಿ ಕೈ ಒರೆಸಿಕೊಳ್ಳುತ್ತ ಬಂದು ಆಗಲೇ ಪಕ್ಕದಲ್ಲಿ ನಿಂತಿದ್ದರು.

"ಮೀಸೆ ಎಲ್ಲಿದೆ, ತೋರಿಸಿ ರೀ."

ಬೆರಳು ಧೈರ್ಯವಾಗಿ ಹೋಗಿ ಒಂದು ಕಡೆ ಊರಿತು. "ಇಲ್ಲೇ!"

"ಅದು ಬರೀ ಹಾಳೆ. ಚಿತ್ರ ಗೋಡೆ ಕಡೆಗಿದೆ."

"ಗೊತ್ತು ಕಣೇ! ರಾಜಮನೆತನದೋರು ಮೊದಲು ಹಿಂದುಗಡೇನೇ ನೋಡೋದು. ಕಣ್ಣು ಪಳಗಬೇಕಲ್ಲ..."

"ಸಾಕು ರೀ."

ಮೈಥಿಲಿ ಸುರುಳಿ ಇಳಿಸಿ, ತಿರುಗಿಸಿ ಹಾಕಿದರು. "ಈಗ ಹೇಳಿ."

ಅದೇ ಬೂದು. ಮೇಷ್ಟ್ರು ಬಾಯಿ ತೆರೆದರು. ಬೆಟ್ಟವೂ ಬರಲಿಲ್ಲ, ಚಕ್ರವರ್ತಿಯೂ ಬರಲಿಲ್ಲ.

"ನನ್ನ ಮುಖ?" ಮೈಥಿಲಿಯ ದನಿ ಸಣ್ಣಗಾಗಿತ್ತು.

"ಕತ್ತು ಹೊರಳಿಸಿದ್ರೆ ನಿನ್ನ ಓಲೆ ಚೂರು ಹೊಳೆಯುತ್ತೆ," ಎಂದರು ಸೂರ್ಯನಾರಾಯಣ. "ಮುಖ ಇರೋ ಕಡೆ ಏನೂ ಇಲ್ಲ, ಮೈಥಿಲಿ. ಇನ್ನು ಬರೋದೂ ಇಲ್ವಂತೆ."