ಕಫನ್ನಿಗೆಂದು ಇಟ್ಟ ಗಂಧ

ಅತ್ತರು ಇಳಿಸುವ ನಮ್ಮ ಕನೌಜಿನ ಗಂಡಸರಿಗೆ ತಮ್ಮ ಮೂಗಿನ ಬಗ್ಗೆ ಇರುವಷ್ಟು ಜಂಬ ಹೆತ್ತ ಮಕ್ಕಳ ಬಗ್ಗೆಯೂ ಇಲ್ಲ. ನನ್ನ ಗಂಡ ಮುಖ್ತಾರ್ ಆ ವಿಷಯದಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ಆದರೆ ಮನೆಯ ನಿಜವಾದ ಮೂಗು ನಮ್ಮತ್ತೆ ಹಶ್ಮತ್ ಬೀಯದು. ಅಂಗಳದ ತಾಮ್ರದ ಹಂಡೆಯಲ್ಲಿ ಗುಲಾಬಿ ಬೇಯುತ್ತಿದ್ದರೆ ಒಳಕೋಣೆಯಲ್ಲಿ ಮಲಗಿದ್ದಲ್ಲಿಂದಲೇ, ಹೂವು ಸೀಯುತ್ತಿದೆ, ಬೆಂಕಿ ಎಳೆಯಿರಿ ಎಂದು ಗದರುತ್ತಿದ್ದರು. ಓಡಿಹೋಗಿ ನೋಡಿದರೆ ಅವರು ಹೇಳಿದ್ದೇ ಸರಿ.

ಅತ್ತೆ ಮದುವೆಯಾಗಿ ಬರುವಾಗ ಅವರಪ್ಪ ಕೊಟ್ಟದ್ದು ತೊಗಲಿನ ಒಂದು ಕುಪ್ಪಿ. ಅದರ ತುಂಬ ಮೈಸೂರಿನ ಗಂಧದ ಕೊರಡಿನಿಂದ ಆ ಅಪ್ಪನೇ ಕೈಯಾರೆ ಇಳಿಸಿದ ಎಣ್ಣೆ. ಅತ್ತೆ ಅದನ್ನು ಮಾರಲಿಲ್ಲ, ಈದ್‌ಗೂ ಹಚ್ಚಿಕೊಳ್ಳಲಿಲ್ಲ. ಹೆಣದ ಬಟ್ಟೆಗೆ ಅತ್ತರು ಸವರದೆ ನಮ್ಮೂರಲ್ಲಿ ಯಾರನ್ನೂ ಕಳಿಸುವುದಿಲ್ಲ. ಅದು ತನ್ನ ಕಫನ್ನಿಗೆ, ಇದೇ ವಾಸನೆಯಲ್ಲಿ ಈ ಮನೆಗೆ ಬಂದೆ, ಇದರಲ್ಲೇ ಹೋಗುತ್ತೇನೆ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು.

ಈಗ ಗಂಧದ ಮರ ಯಾರ ಕೈಗೆಟುಕುತ್ತದೆ? ನಾವೂ ಎಲ್ಲರಂತೆ ಗಂಧದೆಣ್ಣೆಯ ಬದಲು ಕಾರ್ಖಾನೆಯ ಬಿಳಿ ಎಣ್ಣೆಗೆ ಹೂವಿನ ಆವಿ ಇಳಿಸಿಕೊಂಡು ದಿನ ನೂಕುತ್ತಿದ್ದೆವು. ಅಷ್ಟರಲ್ಲಿ ದಿಲ್ಲಿಯಿಂದ ಒಬ್ಬ ಕಂಪನಿಯವನು ಬಂದ. ಶ್ರೀಮಂತರಿಗಾಗಿ ಗಂಧದ ಸೆಂಟು ಮಾಡುತ್ತಾರಂತೆ. ಅತ್ತೆಗೆ ಏನನ್ನಿಸಿತೋ, ಕುಪ್ಪಿ ತರಿಸಿ ಅವನ ಮಣಿಕಟ್ಟಿಗೆ ಎಣ್ಣೆಯ ಒಂದು ಗೆರೆ ಎಳೆದರು. ಅವನು ಮೂಸಿ, ಇಷ್ಟೇನಾ ಎಂಬ ಹಾಗೆ ಮುಖ ಮಾಡಿದ.

"ಗುಲಾಬಿ ಹಾಗೆ ಬಾಗಿಲಲ್ಲೇ ಮೈಮೇಲೆ ಬೀಳೋದಿಲ್ಲ ಸಾಹೇಬ್ರೇ ಇದು," ಎಂದರು ಅತ್ತೆ. "ಬಂದೋರೆಲ್ಲ ಎದ್ದು ಹೋದ್ಮೇಲೆ ಪಕ್ಕದಲ್ಲಿ ಬಂದು ಕೂರುತ್ತೆ. ಸಂಜೆ ಮೂಸಿ ನೋಡಿ."

ಸಂಜೆ ಅವನು ಹೋಟೆಲಿನಿಂದ ಹಿಂದಕ್ಕೆ ಓಡಿಬಂದ. ಹಾಲಿನ ಕೆನೆಯಂಥ, ಬಿಸಿಲು ಕುಡಿದ ಮರದಂಥ ಆ ವಾಸನೆ ಅವನ ಕೈಮೇಲೆ ಆಗಷ್ಟೇ ಕಣ್ಣು ಬಿಟ್ಟಿತ್ತು. ಬೇರೇನೂ ಬೇಡ, ಇದೇ ಬೇಕು, ಪರೀಕ್ಷೆಗೆ ಇಷ್ಟು ಕಳಿಸಿ ಎಂದು ಕೇಳಿ ಹೋದ.

ಅವನು ಕೇಳಿದ್ದು ಕುಪ್ಪಿಯಲ್ಲಿದ್ದಷ್ಟೂ. ದೊಡ್ಡ ವ್ಯಾಪಾರದ ಆಸೆಗೆ, ಅತ್ತೆ ಸ್ನಾನಕ್ಕೆ ಹೋದಾಗ ಮುಖ್ತಾರ್ ಎಲ್ಲವನ್ನೂ ಬಗ್ಗಿಸಿಕೊಂಡ. ನಾನು ಕೈ ಹಿಡಿದು ಜಗಳವಾಡಿದೆ.

"ತೊಗಲು ಮರೆಯೋದಿಲ್ಲ ಕಣೇ," ಎಂದ. ನಮ್ಮ ಕಸುಬಿನವರೆಲ್ಲ ನಂಬುವ ಮಾತು ಅದು. ವರ್ಷಗಟ್ಟಲೆ ಗಂಧ ಕುಡಿದ ತೊಗಲು, ಹೊಸ ಎಣ್ಣೆಗೂ ತನ್ನ ಗಂಧ ಕೊಡುತ್ತದಂತೆ. ಒಂದು ಬೇಸಿಗೆ ಕಳೆದರೆ ಸಾಕು, ಅಮ್ಮನಿಗೂ ಗೊತ್ತಾಗುವುದಿಲ್ಲ ಎಂದು ಕಾರ್ಖಾನೆಯ ಎಣ್ಣೆ ತುಂಬಿ ಬಿರಡೆ ಜಡಿದ. ಅಪ್ಪ ಅಜ್ಜಂದಿರು ಆ ಮಾತು ಆಡಿದ್ದು ಗಂಧದ ಮರದ ಎಣ್ಣೆ ತುಂಬುತ್ತಿದ್ದ ಕಾಲದಲ್ಲಿ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಎಂಥ ಬುದ್ಧಿಗೇಡಿ!

ದಿಲ್ಲಿಯಿಂದ ಉತ್ತರ ಬಂತು. ಅದ್ಭುತವಾಗಿದೆ, ತಿಂಗಳಿಗೊಂದು ಡ್ರಮ್ ಕೊಡಬಲ್ಲಿರಾ? ಮರವೇ ಸಿಗದ ಮೇಲೆ ಡ್ರಮ್ಮು ಎಲ್ಲಿಂದ ಬರಬೇಕು? ಆ ಮಾತು ಅಲ್ಲಿಗೇ ನಿಂತಿತು.

ಬೇಸಿಗೆ ಮುಗಿಯುವ ಹೊತ್ತಿಗೆ ಅತ್ತೆ ಜ್ವರದಿಂದ ಹಾಸಿಗೆ ಹಿಡಿದಿದ್ದರು. ಒಂದು ಮಧ್ಯಾಹ್ನ ನನ್ನನ್ನು ಕರೆದು, "ದುಲ್ಹನ್, ಕುಪ್ಪಿ ತಾರಮ್ಮ. ಒಂದ್ಸಲ ಮೂಸ್ತೀನಿ," ಎಂದರು. ನಾನು ಮುಖ್ತಾರನ ಮುಖ ನೋಡಿದೆ. ಅವನೇ ಎದ್ದು ತಂದು ಅವರ ಅಂಗೈಗೆ ಸವರಿದ. ಅಗ್ಗದ ಸೋಪಿನ ವಾಸನೆ, ಅದರಡಿಯಲ್ಲಿ ಕೊಳೆತ ಚರ್ಮದ್ದು.

ಅತ್ತೆ ಮೂಸಿದರು. ಅಂಗೈ ಒರೆಸಿಕೊಂಡು ಇನ್ನೊಮ್ಮೆ ಮೂಸಿದರು. ಆಮೇಲೆ ಕಣ್ಣಲ್ಲಿ ನೀರು ಇಳಿಯಿತು.

"ಹೋಯ್ತು ಬೇಟಾ. ನನ್ನ ಮೂಗು ಹೋಯ್ತು. ಅಪ್ಪನ ಗಂಧಾನೇ ನನಗೆ ಗೊತ್ತಾಗ್ತಿಲ್ಲ."

"ಜ್ವರದಲ್ಲಿ ಹಾಗಾಗುತ್ತೆ ಅಮ್ಮೀ," ಎಂದ ಮುಖ್ತಾರ್.

ಅವರು ಅದನ್ನೇ ನಂಬಿದರು. ಮತ್ತೆ ಹಂಡೆಯ ಕಡೆ ಗಮನ ಕೊಡಲಿಲ್ಲ, ಯಾರನ್ನೂ ಗದರಲಿಲ್ಲ, ಹೂವಿನ ಮೂಟೆ ಬಂದರೂ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದರು. ಆ ವಾರವೇ ತೀರಿಕೊಂಡರು.

ಮೈ ತೊಳೆಯಲು ಬಂದ ನೆರೆಮನೆಯ ಖೈರುನ್ ಖಾಲಾ ಕುಪ್ಪಿ ಕೇಳಿದಳು. ಅತ್ತೆಯ ಆಸೆ ಓಣಿಗೆಲ್ಲ ಗೊತ್ತು. ತಂದು ಕೊಟ್ಟೆ. ಅವಳು ಬಿರಡೆ ತೆಗೆದಳು, ನನ್ನ ಮುಖ ನೋಡಿದಳು, ಮತ್ತೆ ಮುಚ್ಚಿ ಬದಿಗಿಟ್ಟಳು. ಬರೀ ಕರ್ಪೂರ ಉದುರಿಸಿ ಬಟ್ಟೆ ಮಡಿಚಿದಳು.

ಓಣಿಯಲ್ಲಿ ಊರ ಗಂಡಸರೆಲ್ಲ ಹೆಗಲು ಕೊಡಲು ಮುಂದೆ ಬಂದರು. ಹೆಗಲು ಕೊಟ್ಟ ಒಬ್ಬೊಬ್ಬನೂ ಗಂಧಕ್ಕೆಂದು ಉಸಿರೆಳೆದು, ಮುಂದೆ ನಡೆಯುತ್ತಿದ್ದ ಮುಖ್ತಾರನ ಬೆನ್ನನ್ನು ನೋಡಿದ.