ನಾಯಿಪಾಲು

ಬಣವೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಕೂತು ಕೆಂಪಪ್ಪನ ಕಾಲು ಜೋಮು ಹಿಡಿದಿತ್ತು. ಆದರೂ ಅವನು ಏಳಲಿಲ್ಲ. ಎದುರಿಗೆ ಲೋಕಮ್ಮನ ಹಿತ್ತಲು. ಅಲ್ಲಿ ಒಲೆಬೂದಿ ಸುರಿದ ಜಾಗದಲ್ಲಿ ಅವಳ ಬೇಟೆನಾಯಿ ಚಿಗರಿ ಬೆಚ್ಚಗೆ ಮಲಗಿತ್ತು. ಉದ್ದ ಮೂತಿ, ಒಳಕ್ಕೆಳೆದ ಹೊಟ್ಟೆ, ಕೋಲಿನಂಥ ಕಾಲುಗಳು. ಓಡುವ ಹಂದಿಯನ್ನು ಹಿಂದೆ ಹಾಕಿ ಅದಕ್ಕೆ ಎದುರು ನಿಲ್ಲುತ್ತಿದ್ದ ನಾಯಿ ಕುಪ್ಪಗಡ್ಡೆಯಲ್ಲಿ ಅದೊಂದೇ. ಈಗ ಅದು ಕುಂಟಿ. ಕುಂಟಿ ಹೌದೋ ಅಲ್ಲವೋ ನೋಡಿ ಬಾ ಎಂದೇ ಬೇಟೆ ಗುಂಪಿನ ಯಜಮಾನ ಉಚ್ಚಂಗಪ್ಪ ಕೆಂಪಪ್ಪನನ್ನು ಕಳಿಸಿದ್ದ.

ಅನುಮಾನ ಹುಟ್ಟಿಸಿದವನು ಮಾತ್ರ ಕೆಂಪಪ್ಪನೇ. ಅವನ ಸ್ವಭಾವವೇ ಅಂಥದ್ದು. ಹೆಂಡತಿ ಸಾರಿಗೆ ಉಪ್ಪು ಹೆಚ್ಚು ಹಾಕಿದರೆ ಯಾರ ಮಾತು ಕೇಳಿ ಹಾಕಿದಳೋ ಎಂದು ಯೋಚಿಸುವವನು. ಹಿಂದಿನ ವಾರ ಸೊರಬದ ಬಸ್ ನಿಲ್ದಾಣದ ಪಕ್ಕ ಎತ್ತಿಗೆ ಲಾಳ ಕಟ್ಟಿಸುವಾಗ, ದನಕರುಗಳ ಗಾಯವನ್ನೂ ನೋಡುವ ಪೀರ್ ಸಾಬ್ ಕೇಳಿದ್ದ:

"ನಾನು ಹೊಲಿಗೆ ಹಾಕಿದ ನಾಯಿ ಹೆಂಗೈತೆ ಕೆಂಪಪ್ಪಾರೆ? ಓಡ್ತದಾ?"

"ಎಲ್ಲಿ ಓಡ್ತದೆ ಸಾಬ್ರೇ, ಹಿಂಗಾಲು ನೆಲಕ್ಕೇ ತಾಗ್ಸಲ್ಲ."

"ಹಂಗಾಗಬಾರ್ದಲ್ಲ! ಮಳೆ ಹಿಡಿಯೋಕೆ ಮುಂಚೇನೇ ಗಾಯ ಕೂಡಿತ್ತು. ಎಣ್ಣೆ ಹಚ್ಚಿ ನೀವಿ, ನಿಧಾನಕ್ಕೆ ನಡೆಸಿ ಅಂದಿದ್ದೆ. ಇಷ್ಟರಲ್ಲಿ ಮೊಲ ಹಿಡೀಬೇಕಿತ್ತು ಅದು."

ಕೆಂಪಪ್ಪನಿಗೆ ಅಷ್ಟು ಸಾಕಾಯಿತು. ಊರು ಸೇರುವ ಮೊದಲೇ ಅವನ ತಲೆಯಲ್ಲಿ ಲೋಕಮ್ಮ ಕಳ್ಳಿಯಾಗಿದ್ದಳು.

ಎಲ್ಲ ಕಡೆ ನಾಯಿಪಾಲಾಯಿತು ಎಂದರೆ ಹಾಳಾಗಿ ಹೋಯಿತು ಅಂತ. ಉಚ್ಚಂಗಪ್ಪನ ಗುಂಪಿನಲ್ಲಿ ಮಾತ್ರ ನಾಯಿಪಾಲು ಎಂದರೆ ಯಾರೂ ಕಿತ್ತುಕೊಳ್ಳಲಾಗದ ಹಕ್ಕು. ಬೇಟೆಯಲ್ಲಿ ಗಾಯಗೊಂಡ ನಾಯಿ ನಾಲ್ಕೂ ಕಾಲೂರಿ ನಿಲ್ಲುವ ತನಕ ಅದರ ಪಾಲಿನ ಮಾಂಸ ಮನೆಬಾಗಿಲಿಗೆ ಹೋಗಬೇಕು. ಮನುಷ್ಯರಿಗೆ ಆ ಕಟ್ಟಳೆ ಇರಲಿಲ್ಲ. ನಯಾಪೈಸೆ ಬಂದ ಮರುವರ್ಷದ ಹೋಳಿ ಬೇಟೆಯಲ್ಲಿ ಒಂದೇ ಹಂದಿ ಚಿಗರಿಯ ತೊಡೆಯನ್ನೂ ಅದನ್ನು ಸಾಕಿದ ಚಿಕ್ಕಬೀರಪ್ಪನ ಹೊಟ್ಟೆಯನ್ನೂ ಸೀಳಿತು. ಚಿಕ್ಕಬೀರಪ್ಪ ಆಸ್ಪತ್ರೆ ಮುಟ್ಟುವ ಮೊದಲು ಗಾಡಿಯಲ್ಲೇ ಸತ್ತ. ಸತ್ತವನ ಪಾಲು ಅಂದಿಗೇ ನಿಂತಿತು. ನಾಯಿಯ ಪಾಲು ಅವನ ಹೆಂಡತಿ ಲೋಕಮ್ಮನ ಮನೆಗೆ ಇನ್ನೂ ಹೋಗುತ್ತಿತ್ತು.

ನಾಯಿ ವಾಸಿಯಾದರೆ ಇನ್ನೊಂದು ಕಟ್ಟಳೆ ಕಾದಿತ್ತು. ಗಂಡಸಿಲ್ಲದ ಮನೆಯ ಬೇಟೆನಾಯಿ ಗುಂಪಿಗೆ ಸೇರಿದ್ದು. ಅಂದರೆ ಯಜಮಾನನಿಗೆ. ಉಚ್ಚಂಗಪ್ಪ ಆಗಲೇ ಅದರ ಕೊರಳಿಗೆ ಚರ್ಮದ ಪಟ್ಟಿ ಹೊಲಿಸಿ ಗೂಟಕ್ಕೆ ನೇತುಹಾಕಿದ್ದ.

ಹಿತ್ತಲ ಬೇಲಿಯ ಬುಡದಲ್ಲಿ ಏನೋ ಸರಕ್ಕೆಂದಿತು. ಮುಂಗುಸಿ. ಚಿಗರಿ ಕತ್ತೆತ್ತಿತು. ಮರುಕ್ಷಣ ಬೂದಿ ಹಾರಿತು, ನಾಯಿ ಬೇಲಿಯ ಆಚೆಗಿತ್ತು. ಕೊಯ್ಲಾದ ಗದ್ದೆಯಲ್ಲಿ ನೆಲಕ್ಕೆ ಹೊಟ್ಟೆ ತಾಗುವಂತೆ ಚಾಚಿ ಓಡಿ, ಮುಂಗುಸಿ ಬದುವಿನ ಬಿಲ ಹೊಕ್ಕಮೇಲೆ ಒಂದು ಸುತ್ತು ಹಾಕಿ ಹಿಂದಿರುಗಿತು. ನಾಲ್ಕೂ ಕಾಲು! ಕೆಂಪಪ್ಪ ಖುಷಿಯಿಂದ ತೊಡೆ ತಟ್ಟಿಕೊಂಡ. ಅಷ್ಟರಲ್ಲಿ ಒಳಗೆ ಪಾತ್ರೆ ಸದ್ದಾಯಿತು. ಚಿಗರಿ ನಿಂತು, ಎಡ ಹಿಂಗಾಲನ್ನು ಮೆಲ್ಲಗೆ ಎತ್ತಿಕೊಂಡು, ಮೂರು ಕಾಲಿನಲ್ಲಿ ಕುಪ್ಪಳಿಸುತ್ತ ಬಾಗಿಲಿಗೆ ಹೋಯಿತು.

ತೆಂಗಿನ ಚಿಪ್ಪಿನಲ್ಲಿ ಬಿಸಿ ಹರಳೆಣ್ಣೆ ಹಿಡಿದು ಲೋಕಮ್ಮ ಹೊರಬಂದು ಕೂತಳು. ನಾಯಿ ಅವಳ ಮಡಿಲಿಗೆ ತೊಡೆ ಚಾಚಿತು. ಕೂದಲು ಬಾರದ ಉದ್ದನೆಯ ಕಲೆಯ ಮೇಲೆ ಅವಳ ಬೆರಳು ಮೇಲಿನಿಂದ ಕೆಳಕ್ಕೆ ಓಡಿತು.

ಕೆಂಪಪ್ಪ ಬಣವೆ ಬಿಟ್ಟು ಎದ್ದ. "ಲೋಕಕ್ಕ, ನಮ್ಮ ಕಣ್ಣಿಗೆ ಮಣ್ಣೆರಚಿದ್ದು ಸಾಕು. ನಾ ಎಲ್ಲಾ ನೋಡ್ದೆ."

ಅವಳು ಕೈ ನಿಲ್ಲಿಸಲಿಲ್ಲ. "ಬಣವೆ ಹಿಂದೆ ಇದ್ದದ್ದು ನೀನಾ? ಯಾರ ಮನೆ ಎಮ್ಮೆನೋ ಅಂದ್ಕೊಂಡೆ."

"ನೀನೇ ಕಲ್ಸಿದ್ದಲ್ಲ ಇದಕ್ಕೆ ಈ ನಾಟಕ?"

"ನಾ ಎಂತ ಕಲ್ಸದು ಮಾರಾಯ? ಅವರಿದ್ದಾಗ ನಾನು ಇದನ್ನ ಮುಟ್ಟಿದವಳೇ ಅಲ್ಲ. ಹೊಸ್ತಿಲು ದಾಟಿದ್ರೆ ಕೋಲು ತಗೊಳ್ತಿದ್ದೆ. ಕಾಲು ಹರ್ಕೊಂಡು ಬಂದ್ಮೇಲೇ ಮುಟ್ಟಿದ್ದು. ವಾಸಿಯಾದ್ರೆ ಎಣ್ಣೆ ಹಚ್ಚೋದು ಬಿಡ್ತೀನಿ ಅಂತ ಅದಕ್ಕೆ ಅನುಮಾನ. ನಿನ್ನಂಥದ್ದೇ ಜಾತಿ ಅದು."

ಕೆಂಪಪ್ಪನಿಗೆ ನಗು ಬಂತು. ನಗಲು ಅವಮಾನವಾಯಿತು. "ಗೊತ್ತಿದ್ದೂ ಪಾಲು ತಗೊಂಡೆ."

"ತಗೊಂಡೆ." ಅವಳ ದನಿ ಇಳಿಯಿತು. "ಪಾಲು ತಂದವ ಬಾಗ್ಲಲ್ಲಿ ನಿಂತು ಕೂಗ್ತಾನಲ್ಲ, ಚಿಕ್ಕಬೀರಪ್ಪನ ಮನೇರೇ ಅಂತ. ಈಗ ಊರಲ್ಲಿ ಬೇರೆ ಯಾರು ಆ ಹೆಸರು ಕರೀತಾರೆ ಹೇಳು? ನಾಳೆ ನಾಯೀನೂ ಹೋದ್ರೆ ಈ ಮನೇಲಿ ಎಂತ ಉಳೀತು? ಹೇಳೋದಿದ್ರೆ ಹೋಗಿ ಹೇಳು."

ದಾರಿಯುದ್ದಕ್ಕೂ ಕೆಂಪಪ್ಪ ತನ್ನನ್ನೇ ಬೈದುಕೊಂಡ. ಹೆಂಗಸು ತನ್ನ ಮನಸ್ಸು ಕರಗಿಸಲೆಂದೇ ಆ ಮಾತು ಹೇಳಿದಳೇನೋ! ಆದರೆ ಉಚ್ಚಂಗಪ್ಪ ಕೇಳಿದಾಗ ಬಾಯಿಂದ ಬಂದದ್ದು ಬೇರೆ. "ಸರಿಯಾಗಿ ಕಾಣ್ಲಿಲ್ಲ ಉಚ್ಚಂಗಣ್ಣ. ಮಲ್ಗೇ ಇತ್ತು."

ಉಚ್ಚಂಗಪ್ಪ ಎಲೆಯಡಿಕೆ ಅಗಿಯುತ್ತ ಅವನನ್ನು ಅಳೆದು ನೋಡಿದ. "ಹೋಗುವಾಗ ಅಷ್ಟು ಹಾರಾಡ್ತಿದ್ದವ ಬರುವಾಗ ಮೆತ್ತಗಾಗಿದೀಯಲ್ಲ. ಇರಲಿ. ನಾಳೆ ಅವಳ ಬಾಗಿಲಲ್ಲೇ ಕೊಂಬು ಊದ್ಸೋಣ. ಬೇಟೆನಾಯಿ ಬೇಕಾದ್ರೆ ನಿನ್ನ ಮುಂದೆ ಸುಳ್ಳಾಡ್ತದೆ, ಕೊಂಬಿನ ಮುಂದೆ ಆಡಲ್ಲ."

ಬೆಳಿಗ್ಗೆ ಗುಂಪು ಲೋಕಮ್ಮನ ಜಗುಲಿಯೆದುರು ನಿಂತಿತು. ಅವಳು ಕಂಬಕ್ಕೆ ಆತು ನಿಂತಿದ್ದಳು. ಚಿಗರಿ ಹೊಸ್ತಿಲಲ್ಲಿ ಮಲಗಿತ್ತು. ಕೊಂಬು ಮೊಳಗಿತು. ನಾಯಿ ತಟ್ಟನೆ ಎದ್ದಿತು. ಕಿವಿ ನಿಮಿರಿತು, ಬೆನ್ನಿನಿಂದ ಬಾಲದವರೆಗೆ ನಡುಕ ಹರಿಯಿತು. ಉಚ್ಚಂಗಪ್ಪನ ಕೈಯಲ್ಲಿ ಹೊಸ ಪಟ್ಟಿ ಸಿದ್ಧವಾಗಿತ್ತು. ಚಿಗರಿ ಬೀದಿಯನ್ನು ನೋಡಿತು, ಲೋಕಮ್ಮನನ್ನು ನೋಡಿತು. ಆಮೇಲೆ ಹಿಂಗಾಲೊಂದನ್ನು ಎತ್ತಿಕೊಂಡು ಕುಂಟುತ್ತ ಅವಳ ಬಳಿಗೆ ಹೋಯಿತು.

ಎತ್ತಿದ್ದು ಬಲಗಾಲು.

ಕೆಂಪಪ್ಪ ಅದನ್ನು ಕಂಡ. ಲೋಕಮ್ಮನೂ ಕಂಡಿದ್ದಳು. ಅಲ್ಲೇ ಕೂತು, ನಾಯಿಯ ಎಡತೊಡೆಯ ಕಲೆಯ ಮೇಲೆ ಸೆರಗೆಳೆದಳು.

ಉಚ್ಚಂಗಪ್ಪನ ಹುಬ್ಬು ಗಂಟಾಯಿತು. "ಹಂದಿ ಸೀಳಿದ್ದು ಯಾವ ಕಾಲು ಕೆಂಪಪ್ಪ?"

ಹೋಳಿಯ ದಿನ ಉಚ್ಚಂಗಪ್ಪ ಚಿಕ್ಕಬೀರಪ್ಪನನ್ನು ಹೊತ್ತು ಗಾಡಿಗೆ ಓಡಿದ್ದ. ನಾಯಿಯ ಕಡೆ ನೋಡಿದವನು ಕೆಂಪಪ್ಪ ಒಬ್ಬನೇ.

"ಬಲಗಾಲು. ನನ್ನ ಪಂಚೆ ಹರ್ದು ಕಟ್ಟಿದ್ದು ನಾನೇ ಅಲ್ವಾ?"

ಉಚ್ಚಂಗಪ್ಪ ಸೆರಗನ್ನು ನೋಡಿದ, ಕೆಂಪಪ್ಪನನ್ನು ನೋಡಿದ. ವಿಧವೆಯ ಸೆರಗಿಗೆ ಎಲ್ಲರೆದುರು ಕೈ ಹಾಕುವಂತಿರಲಿಲ್ಲ. ಪಟ್ಟಿಯನ್ನು ಹೆಗಲಿಗೆಸೆದುಕೊಂಡು ಮುಂದೆ ನಡೆದ. ಕಾಡು ಸೇರುವ ತನಕ ಎರಡು ಸಲ ತಿರುಗಿ ಕೆಂಪಪ್ಪನ ಮುಖ ನೋಡಿದ.

ಸಂಜೆ ಪಾಲು ಹೊತ್ತವನು ಕೆಂಪಪ್ಪ. ಮುತ್ತುಗದೆಲೆಯ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತು, ಬೀದಿಗೆಲ್ಲ ಕೇಳುವಂತೆ ಕೂಗಿದ:

"ಚಿಕ್ಕಬೀರಪ್ಪನ ಮನೇರೇ, ಪಾಲು!"

ಅವನು ಇಣುಕಿದ. ಒಲೆಯ ಬೆಳಕಿನಲ್ಲಿ ಲೋಕಮ್ಮ ನಾಯಿಯ ಮುಂದೆ ಕೂತಿದ್ದಳು. ಎಣ್ಣೆಗೈಯಿಂದ ಅದರ ಎಡತೊಡೆಯನ್ನು ಮತ್ತೆ ಮತ್ತೆ ತಟ್ಟುತ್ತ ಹೇಳುತ್ತಿದ್ದಳು:

"ಅದಲ್ಲ ಕಣೇ. ಇದು. ಇದು."