ಜರಡಿಯ ಮೇಲೆ ಉಳಿದ ಕಲ್ಲು

ನನ್ನ ಹೆಂಡತಿ ಮಣ್ಣಿನ ವಿಜ್ಞಾನಿ. ಕಾಡಿನ ಮಣ್ಣು ಎಷ್ಟು ನೀರು ಹಿಡಿಯುತ್ತದೆ, ಎಷ್ಟು ಸಾರ ಇಟ್ಟುಕೊಂಡಿದೆ ಎಂದು ಅಳೆಯುವುದು ಅವಳ ಕೆಲಸ. ಮದುವೆಯಾದ ಹೊಸದರಲ್ಲಿ ನೆಂಟರು, "ಮಣ್ಣಲ್ಲಿ ಏನಮ್ಮ ಇದೆ ಅಷ್ಟೊಂದು ಓದೋಕೆ?" ಎಂದು ಕೇಳುತ್ತಿದ್ದರು. "ಕೊನೆಗೆ ಎಲ್ಲರೂ ಹೋಗೋ ಜಾಗ, ಮೊದಲೇ ನೋಡ್ಕೊಂಡಿರೋದು ಒಳ್ಳೇದಲ್ವಾ?" ಎಂದು ಇವಳು ನಗುತ್ತಿದ್ದಳು. ನೆಂಟರು ನಗುತ್ತಿರಲಿಲ್ಲ.

ಊರಿನ ಹಿಂದಿನ ಗುಡ್ಡದ ಮೇಲೆ ಹಳೆಯ ಕಾಡಿದೆ. ಇತ್ತು ಎನ್ನಬೇಕು, ಬಾಯಿಗೆ ಇನ್ನೂ ರೂಢಿಯಾಗಿಲ್ಲ. ಹಿಂದೊಮ್ಮೆ ಅದನ್ನು ಕಡಿಯಲು ಹೊರಟಾಗ ಅಡ್ಡ ನಿಂತದ್ದು ಇವಳ ವರದಿ. ಇಷ್ಟು ಸಾರವುಳ್ಳ ಮಣ್ಣು ಸುತ್ತಮುತ್ತ ಎಲ್ಲೂ ಇಲ್ಲ, ಮುಟ್ಟಬಾರದು ಎಂದು ಬರೆದಿದ್ದಳು. ಅಲ್ಲಿಯ ಅರಣ್ಯಾಧಿಕಾರಿ ಬೇರೆ ಯಾರೂ ಅಲ್ಲ, ನನ್ನ ಒಡಹುಟ್ಟಿದ ಅಣ್ಣ. ವರದಿಗೆ ತಲೆಬಾಗಿದ. ಆದರೆ ಊಟಕ್ಕೆ ಕೂತಾಗಲೆಲ್ಲ ಇವಳನ್ನು 'ಮಣ್ಣಮ್ಮ' ಎಂದು ರೇಗಿಸುತ್ತಿದ್ದ.

ಅವಳ ಪ್ರಯೋಗಾಲಯದ ಹಿಂಬಾಗಿಲಿನಿಂದ ನಲ್ಲಿಯವರೆಗೆ ಒಂದು ಕಾಲುದಾರಿಯಿದೆ. ಮಣ್ಣು ಜರಡಿ ಹಿಡಿದ ಮೇಲೆ ಉಳಿದ ಕಲ್ಲುಗಳನ್ನು ಅಲ್ಲಿ ಸುರಿದು ಸುರಿದು ತಾನಾಗಿ ಆದ ದಾರಿ. ಒಂದು ಬೆಳಿಗ್ಗೆ ಜರಡಿ ತೊಳೆಯಲು ಹೊರಟವಳು ಆ ದಾರಿಯ ಮಧ್ಯೆ ಗಕ್ಕನೆ ನಿಂತುಬಿಟ್ಟಳಂತೆ. ಇಷ್ಟೊಂದು ಕಲ್ಲು ಬಂದದ್ದು ಆ ಒಂದೇ ಗುಡ್ಡದಿಂದ.

ಅವರ ಕೆಲಸದ ರೀತಿ ಹೀಗೆ: ಉಕ್ಕಿನ ಬಳೆಯೊಂದನ್ನು ನೆಲಕ್ಕೆ ಬಡಿದು ಇಳಿಸಿ, ಅದರ ತುಂಬ ಮಣ್ಣು ತೆಗೆಯುತ್ತಾರೆ. ಒಣಗಿಸಿ, ಜರಡಿ ಹಿಡಿದು, ಕೆಳಗೆ ಬಿದ್ದ ನುಣ್ಣನೆಯ ಮಣ್ಣನ್ನು ಪರೀಕ್ಷಿಸುತ್ತಾರೆ. ಆ ಮಣ್ಣು ಚಿನ್ನದಂಥದ್ದೇ, ಅದರಲ್ಲಿ ತಪ್ಪಿರಲಿಲ್ಲ. ಆದರೆ ಬಳೆಯೊಳಗೆ ಕಲ್ಲು ಹಿಡಿದಿದ್ದ ಜಾಗವನ್ನು ಲೆಕ್ಕದಿಂದ ಕಳೆಯಲು ಇವಳು ಮರೆತಿದ್ದಳು. ಬಳೆಯ ತುಂಬ ಚಿನ್ನವೇ ಇತ್ತೆಂದು ಇಡೀ ಗುಡ್ಡಕ್ಕೆ ಗುಣಿಸಿಬಿಟ್ಟಿದ್ದಳು. ನಿಜದಲ್ಲಿ ಅರ್ಧಕ್ಕಿಂತ ಹೆಚ್ಚು ಕಲ್ಲೇ.

"ಯಾರಿಗೂ ಗೊತ್ತಿಲ್ಲ ತಾನೆ? ಸುಮ್ಮನಿದ್ದುಬಿಡು," ಎಂದೆ ಅಡುಗೆಮನೆಯಲ್ಲಿ. "ಕಾಡಿನ ಪಾಡಿಗೆ ಕಾಡು ಇರಲಿ."

"ಹೇಳಲೇಬೇಕು ರೀ. ಮಣ್ಣು ಕಮ್ಮಿ ಅಂದ್ರೆ ಆ ಕಾಡನ್ನ ಇನ್ನೂ ಜೋಪಾನ ಮಾಡ್ಬೇಕು ಅಂತ. ಕಲ್ಲಿನ ಸಂದಿಯಲ್ಲಿ ಇರೋ ಹಿಡಿ ಮಣ್ಣನ್ನ ಬೇರು ಹಿಡ್ಕೊಂಡಿದೆ. ಮರ ಹೋದ್ರೆ ಮಣ್ಣೂ ಹೋಯ್ತು, ಆಮೇಲೆ ಅಲ್ಲಿ ಹುಲ್ಲೂ ಹುಟ್ಟಲ್ಲ."

"ಇದು ನಮ್ಮಣ್ಣನ ತಲೆಗೆ ಹೋದ್ರೆ ನಾನು ಅರ್ಧ ಮೀಸೆ ಬೋಳಿಸ್ಕೋತೀನಿ."

"ಪೂರ್ತಿ ಬೋಳಿಸಿ, ನೋಡೋಕಾಗಲ್ಲ," ಎಂದಳು. ಅವತ್ತು ಅವಳಿಗೆ ಧೈರ್ಯವಿತ್ತು. ನಿಜ ಹೇಳಿದರೆ ಕಾಡಿಗೆ ಬಲ ಬರುತ್ತದೆಂದೇ ನಂಬಿದ್ದಳು.

ಕಚೇರಿಗೆ ನಾನೂ ಜೊತೆಗೆ ಹೋದೆ. ಯಾರ ಮಾತನ್ನೂ ಪೂರ್ತಿ ಕೇಳದ ನನ್ನ ಅಣ್ಣ ಅಂದು ಪೆನ್ನು ಕೆಳಗಿಟ್ಟು ಕೇಳಿದ.

"ಕಲ್ಲು ಎಷ್ಟು ಆಳದವರೆಗೆ ಇದೆ?"

ಇವಳ ಮುಖ ಅರಳಿತು. "ನಾವು ಅಗೆದಷ್ಟೂ ಇದೆ, ಭಾವ."

"ಗಟ್ಟಿ ಕಲ್ಲಾ?"

"ತುಂಬಾ ಗಟ್ಟಿ."

ಅಣ್ಣ ಕೇಳುತ್ತಿರುವುದು ಮಣ್ಣಿನ ಬಗ್ಗೆಯಲ್ಲ ಎಂದು ನನಗೆ ಹೊಳೆಯಿತು. ಇವಳು ಮಾತ್ರ ಬೇರಿನ ವಿಷಯವನ್ನು ಚಿತ್ರ ಬರೆದು ವಿವರಿಸುತ್ತಲೇ ಇದ್ದಳು. ಅಣ್ಣ ತಲೆಯಾಡಿಸುತ್ತಲೇ ಇದ್ದ.

ಸ್ವಲ್ಪ ದಿನಕ್ಕೆ ಆದೇಶ ಬಂತು. ಗುಡ್ಡದಲ್ಲಿ ಕಾಪಾಡುವಂಥ ಮಣ್ಣೇ ಇಲ್ಲವೆಂದು ವಿಜ್ಞಾನಿಯೇ ಒಪ್ಪಿದ್ದಾರೆ; ಗುಡ್ಡವನ್ನು ಕಲ್ಲುಗಣಿಗೆ ಕೊಡಬಹುದು. ಅಷ್ಟೇ. ಬೇರಿನ ಮಾತು ಎಲ್ಲೂ ಇರಲಿಲ್ಲ. ಇವಳು ಕಂಡಕಂಡ ಕಚೇರಿಯ ಮೆಟ್ಟಿಲು ಹತ್ತಿದಳು. ಹೋದಲ್ಲೆಲ್ಲ ಇವಳದೇ ಮಾತನ್ನು ಇವಳಿಗೆ ಓದಿ ಹೇಳಿದರು. ಒಬ್ಬನಂತೂ, "ಮೇಡಂ, ನಿಮ್ಮ ಯಾವ ವರದಿ ನಂಬೋದು ಅಂತ ಮೊದಲು ನೀವೇ ತೀರ್ಮಾನ ಮಾಡಿ," ಎಂದ. ಅವನ ಕೆನ್ನೆಗೆ ಬಾರಿಸದೆ ಬಂದದ್ದಕ್ಕೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಮರಗಳು ಉರುಳಿದವು. ಗುಡ್ಡ ಒಡೆಯುವ ಸದ್ದಿಗೆ ನಮ್ಮ ಕಿಟಕಿಯ ಗಾಜು ಅದುರತೊಡಗಿತು. ಇವಳು ಅಡುಗೆಮನೆಯಲ್ಲಿ ಪಾತ್ರೆ ಹಿಡಿದು ಸದ್ದು ನಿಲ್ಲುವವರೆಗೆ ನಿಂತಿರುತ್ತಿದ್ದಳು.

ಒಂದು ಭಾನುವಾರ ಅಣ್ಣ ಮನೆಗೆ ಬಂದ. ಅವನಲ್ಲಿ ಕಪಟವಿರಲಿಲ್ಲ, ಅದೇ ಕಷ್ಟ. ಖುಷಿಯಲ್ಲಿದ್ದ.

"ನಿನ್ನ ಲೆಕ್ಕ ಪಕ್ಕಾ ಇತ್ತು ಕಣಮ್ಮಾ. ಎಲ್ಲಾ ಒಳ್ಳೆ ಕಲ್ಲು."

"ಮೇಲಿದ್ದ ಮಣ್ಣನ್ನ ಏನು ಮಾಡಿದ್ರಿ, ಭಾವ?"

ಅವನು ನೆನಪು ಮಾಡಿಕೊಳ್ಳಬೇಕಾಯಿತು. "ಲಾರಿ ತಿರುಗಿಸೋ ಕಡೆ ಒಂದು ಹಳ್ಳ ಇತ್ತು. ಅದಕ್ಕೆ ಸುರಿಸಿದೆ. ಅದೂ ಪೂರ್ತಿ ತುಂಬಲಿಲ್ಲ ನೋಡು, ನೀನು ಹೇಳಿದ ಹಾಗೇ."

ಇವಳು ಬಾಯಿಗೆ ಸೆರಗು ಒತ್ತಿಕೊಂಡಳು. ಆದರೂ ಅಳು ಹೊರಗೆ ಬಂತು. ಇಷ್ಟು ವರ್ಷದಲ್ಲಿ ಅವಳ ಅಂಥ ದನಿ ನಾನು ಕೇಳಿರಲಿಲ್ಲ.

ಅಣ್ಣ ಕಕ್ಕಾಬಿಕ್ಕಿಯಾಗಿ ನನ್ನ ಕಡೆ ತಿರುಗಿದ. "ನಾನೀಗ ಏನು ತಪ್ಪು ಹೇಳಿದ್ನೋ? ಇವಳು ಹೇಳಿದ್ದು ನಿಜ ಅಂತ ತಾನೆ ಹೇಳಿದ್ದು?"

ಎದ್ದು ಹೋಗು ಎಂದೆ ಅವನಿಗೆ.